ಮೂರನೆಯ ಚೀಲದ ಮೇಲೆ ಒಂದು ಕಾಲು

ಬಾಗಿಲಲ್ಲಿ ಕಾಲೊರೆಸಲು ಹಾಕಿರುವ ಗೋಣಿತಾಟಿನ ಮೇಲೆ ನಿಂತರೆ ನಾನು ಬೇಗ ಇಳಿಯುವುದಿಲ್ಲ ಎಂಬುದು ನಮ್ಮ ಮನೆಯಲ್ಲಿ ನನ್ನ ಮೇಲಿರುವ ಹಳೆಯ ದೂರು. ಬಲಗಾಲು ಆಗಲೇ ಅಂಗಳದಲ್ಲಿರುತ್ತದೆ. ಎಡಗಾಲಿನ ಹೆಬ್ಬೆರಳು ಮಾತ್ರ ಗೋಣಿಯ ಅಂಚನ್ನು ಬಿಡುವುದಿಲ್ಲ. ಕೈಯಲ್ಲಿ ಕೊಡೆ, ತಲೆಯ ಮೇಲೆ ಟೋಪಿ, ಮುಖದಲ್ಲಿ ಹೊರಡುವ ಕಳೆ, ಎಲ್ಲವೂ ಇರುತ್ತದೆ, ಹೊರಡುವುದೊಂದು ಇರುವುದಿಲ್ಲ. ಮಗ ಇದನ್ನು ವಾಯು ಎನ್ನುತ್ತಾನೆ. ಡಾಕ್ಟರು ಮಂಡಿ ಸವೆದಿದೆ ಎಂದರು. ಇಬ್ಬರ ಮಾತೂ ಸುಳ್ಳು. ಅದು ಬೇಸ್‌ಬಾಲ್.

ನಗುವುದಾದರೆ ಪೂರ್ತಿ ಕೇಳಿ ನಗಿ. ಈ ಸೀಮೆಯ ಜನರಿಗೆ ಚಿನ್ನಿದಾಂಡು ಗೊತ್ತು, ಲಗೋರಿ ಗೊತ್ತು, ಪೇಟೆ ಕಂಡವರಿಗೆ ಕ್ರಿಕೆಟ್ಟು ಗೊತ್ತು. ಬೇಸ್‌ಬಾಲ್ ಎಂದರೆ ಮುಖ ಮುಖ ನೋಡುತ್ತಾರೆ. ಆದರೂ ಹೇಳುತ್ತೇನೆ: ಮಹಾಯುದ್ಧ ನಡೆಯುತ್ತಿದ್ದ ಕಾಲದಲ್ಲಿ, ದೇವನಹಳ್ಳಿಗೂ ಬೂದಿಗೆರೆಗೂ ನಡುವಿನ ನಮ್ಮೂರ ಕೆರೆಯಂಗಳದಲ್ಲಿ ಒಂದು ಬೇಸಗೆ ಪೂರ್ತಿ ಆ ಆಟ ನಡೆಯಿತು. ನಾನೂ ಆಡಿದೆ. ನನಗೆ ಹೆಂಡತಿ ಸಿಕ್ಕದ್ದೇ ಆ ಆಟದ ಒಂದು ನಿಯಮದ ದೆಸೆಯಿಂದ. ಮೇಲಕ್ಕೆ ಹಾರಿದ ಚೆಂಡನ್ನು ಎದುರಾಳಿ ಹಿಡಿಯಲು ಹೋದಾಗ, ಚೀಲದ ಮೇಲೆ ನಿಂತವನು ಯಾವ ಗಳಿಗೆಯಲ್ಲಿ ಹೊರಡಬಹುದು ಎಂಬ ನಿಯಮ ಅದು. ಇಂಥ ಸಂಗತಿಯನ್ನು ಜಾತಕದಲ್ಲಿ ಬರೆದಿರುವುದಿಲ್ಲ.

ಅಮೆರಿಕದ ಸೋಲ್ಜರುಗಳು ನಮ್ಮೂರಿಗೆ ಯಾಕೆ ಬಂದರೆಂಬುದು ನಮಗೆ ತಿಳಿಯಲಿಲ್ಲ. ಅವರಿಗೂ ತಿಳಿದಂತೆ ಕಾಣಲಿಲ್ಲ. ಕೆರೆಯ ಪಕ್ಕದ ಹುಣಸೆ ತೋಪಿನಲ್ಲಿ ಗುಡಾರಗಳನ್ನು ಹಾಕಿ, ಎರಡು ಲಾರಿ ನಿಲ್ಲಿಸಿ, ಒಂದು ಉದ್ದನೆಯ ತಂತಿಕಂಬ ನೆಟ್ಟರು. ಕಂಬ ನೆಟ್ಟ ಮೇಲೆ ಅವರಿಗೆ ಕೆಲಸವೇ ಉಳಿಯಲಿಲ್ಲ. ಜಪಾನಿನವರ ವಿಮಾನ ಬಂದರೆ ಆ ಕಂಬ ಮುಂಚೆಯೇ ಹೇಳಿಬಿಡುತ್ತದೆ ಎಂದು ಊರಲ್ಲಿ ಸುದ್ದಿ. ವಿಮಾನ ಬರಲಿಲ್ಲ. ಕಂಬದ ತುದಿಯಲ್ಲಿ ಒಂದು ಕಾಗೆ ಬಂದು ಕೂರುತ್ತಿತ್ತು. ಅದರ ವಿಷಯವಾಗಿ ಕಂಬ ಯಾರಿಗೂ ಏನೂ ಹೇಳಿದಂತಿಲ್ಲ.

ಅವರ ಮುಖ್ಯಸ್ಥ ಒಬ್ಬ ಸಾರ್ಜೆಂಟು. ಅವನಿಗೆ ಒಂದು ಹೆಸರಿತ್ತು. ನಮ್ಮ ಬಿಸಿಲಿಗೆ ಅವನ ಮುಖ ಕುಂಕುಮದ ಭರಣಿಯಾಗಿದ್ದರಿಂದ ಊರು ಅವನನ್ನು ಕೆಂಪಯ್ಯ ಎಂದು ಕರೆಯಿತು, ಅವನೂ ಓಗೊಟ್ಟ. ಮಂಡಿಗೆ ಎಂದೋ ಪೆಟ್ಟಾಗಿದ್ದರಿಂದ ತಾನು ಓಡುವಂತಿರಲಿಲ್ಲ, ಉಳಿದವರನ್ನು ಓಡಿಸುತ್ತಿದ್ದ. ಆಟಕ್ಕೆ ಒಂದು ಪಕ್ಷಕ್ಕೆ ಒಂಬತ್ತು ಜನ ಬೇಕು; ಗುಡಾರಗಳಲ್ಲಿದ್ದವರು ಒಂದು ಪಕ್ಷಕ್ಕೆ ಸಾಲುತ್ತಿದ್ದರು, ಎರಡಕ್ಕೆ ಸಾಲುತ್ತಿರಲಿಲ್ಲ. ಆದ್ದರಿಂದ ಎದುರು ಪಕ್ಷ ನಾವಾದೆವು. ತೀರ್ಪುಗಾರ ಕೆಂಪಯ್ಯ.

ದುಭಾಷಿ ನಾನು. ಬೆಂಗಳೂರಿನಲ್ಲಿ ಇಂಟರ್‌ಮೀಡಿಯೆಟ್ ಓದಿ, ಪಾಸಾಗದೆ, ಇನ್ನೊಮ್ಮೆ ಓದಿ, ಇನ್ನೊಮ್ಮೆ ಪಾಸಾಗದೆ ಆಗತಾನೆ ಊರಿಗೆ ಮರಳಿದ್ದೆ. ಒಂದೇ ಸಲಕ್ಕೆ ಪಾಸಾದವರಿಗಿಂತ ನನಗೆ ಇಂಗ್ಲಿಷು ಎರಡರಷ್ಟು ಬಂದಿರಬೇಕು ಎಂಬುದು ನಮ್ಮ ದೊಡ್ಡಪ್ಪನ ಲೆಕ್ಕ. ಮನೆಯ ಯಜಮಾನರು ಹೇಳಿದ ಮೇಲೆ ಊರೂ ಹಾಗೆಂದೇ ನಂಬಿತು. ಕೆಂಪಯ್ಯನ ಇಂಗ್ಲಿಷಾದರೋ ಮೂಗಿನಲ್ಲಿ ಹುಟ್ಟಿ ಮೂಗಿನಲ್ಲೇ ಮುಗಿಯುತ್ತಿತ್ತು. ಅವನು ಹೇಳಿದ್ದರಲ್ಲಿ ಅರ್ಧವನ್ನು ಊಹಿಸಿ, ಉಳಿದರ್ಧವನ್ನು ನಾನೇ ಹುಟ್ಟಿಸಿ ಹೇಳುತ್ತಿದ್ದೆ.

ಆಟ ಬಹಳ ಸುಲಭ. ನಾಲ್ಕು ಮೂಲೆ. ಮೂರರಲ್ಲಿ ರಾಗಿ ಹೊಟ್ಟು ತುಂಬಿ ಹೊಲಿದ ಗೋಣಿಚೀಲ. ಹೊಡೆಯುವವನು ನಿಲ್ಲುವ ನಾಲ್ಕನೆಯ ಮೂಲೆಯಲ್ಲಿ ನಮ್ಮಜ್ಜಿಯ ಹಳೆಯ ಊಟದ ಮಣೆ. ಹೊಡೆದವನು ಮೂರು ಚೀಲವನ್ನೂ ಸುತ್ತಿಕೊಂಡು ಬಂದು ಮಣೆ ಮುಟ್ಟಿದರೆ ಒಂದು ರನ್ನು. ಒಂದೇ ಉಸಿರಿಗೆ ಸುತ್ತಬೇಕೆಂದಿಲ್ಲ, ದಾರಿಯಲ್ಲಿ ಯಾವುದಾದರೂ ಚೀಲದ ಮೇಲೆ ನಿಂತು ಮುಂದಿನವನ ಹೊಡೆತಕ್ಕೆ ಕಾಯಬಹುದು. ಚೀಲದ ಮೇಲೆ ಕಾಲಿರುವ ತನಕ ಅವನನ್ನು ಯಾರೂ ಏನೂ ಮಾಡುವಂತಿಲ್ಲ. ಚೀಲ ಬಿಟ್ಟಾಗ ಚೆಂಡು ಹಿಡಿದವನು ಬಂದು ಮುಟ್ಟಿದರೆ ಔಟು. ಹೊಡೆದ ಚೆಂಡು ನೆಲಕ್ಕೆ ಬೀಳುವ ಮುಂಚೆ ಯಾರಾದರೂ ಹಿಡಿದರೆ ಹೊಡೆದವನು ಔಟು. ಚಿನ್ನಿದಾಂಡು ಆಡಿದವನಿಗೆ ಇದರಲ್ಲಿ ಹೊಸದೇನೂ ಇಲ್ಲ.

ತೊಡಕು ಬಂದದ್ದು ಅದರ ಮುಂದಿನ ಮಾತಿಗೆ. ಚೆಂಡು ಮೇಲೆ ಹಾರಿದಾಗ ಚೀಲ ಬಿಟ್ಟು ಓಡಿದ್ದವನು, ಅದನ್ನು ಯಾರಾದರೂ ಹಿಡಿದರೆ, ಹಿಂದಕ್ಕೆ ಬಂದು ತನ್ನ ಚೀಲ ಮೆಟ್ಟಿಕೊಂಡೇ ಮತ್ತೆ ಹೊರಡಬೇಕು ಎಂದ ಕೆಂಪಯ್ಯ. ನಾನು ಅದನ್ನು ಕನ್ನಡಿಸಿದೆ. ನಮ್ಮ ಪಕ್ಷದ ಮುಂದಾಳು ಮುನಿವೆಂಕಟ ಕೇಳಿ ಚೆಂಡು ಹೊಡೆಯುವ ಕೋಲನ್ನು ಕೆಳಗೆ ಹಾಕಿದ. ಅವನು ನನ್ನ ಜೊತೆ ಬೆಳೆದವನು. ಅವನು ಹೊಡೆದ ಚಿನ್ನಿಯನ್ನು ಹುಡುಕಲು ಹೋದವರು ಪಕ್ಕದೂರಲ್ಲಿ ಊಟ ಮಾಡಿಕೊಂಡು ಬರುತ್ತಿದ್ದರು ಎಂದು ಹೆಸರು.

"ಯಾಕ್ಲಾ ಕಿಟ್ಟ?" ಎಂದ. "ಹೊಡೆದೋನು ಅವ್ನು, ಔಟಾದೋನು ಅವ್ನು. ಚೀಲದ್ ಮ್ಯಾಲೆ ತೆಪ್ಪಗೆ ನಿಂತಿದ್ದ ನಾನೇನ್ ಪಾಪ ಮಾಡಿವ್ನಿ? ನಾನ್ಯಾಕೆ ವಾಪಸ್ ಬರ್ಲಿ?"

"ನಿಯಮ ಕಣೋ."

"ಯಾವೋನ್ ಮಾಡಿದ್ ನಿಯಮ? ಅವ್ನು ಸತ್ರೆ ನಂಗೂ ಸೂತಕವಾ?"

ಕೆಂಪಯ್ಯ ಕಾರಣ ಹೇಳಲು ನೋಡಿದ. ಕೈಯಾಡಿಸಿದ, ಮರಳಿನ ಮೇಲೆ ಗೆರೆ ಎಳೆದ, ಕುಂಟಿಕೊಂಡು ಓಡಿ ತೋರಿಸಿದ. ಮುನಿವೆಂಕಟ ಎಲ್ಲವನ್ನೂ ಗೌರವದಿಂದ ನೋಡಿ, "ಆಯ್ತು, ಆದ್ರೂ ನಾನ್ಯಾಕ್ ಬರ್ಲಿ?" ಎಂದ. ಆಟ ನಿಂತಿತು. ಯುದ್ಧದಲ್ಲಿ ನಮ್ಮೂರಿನ ಮಿತ್ರಪಕ್ಷ ಒಡೆಯುವ ಹಂತಕ್ಕೆ ಬಂದದ್ದು ಅದೊಂದೇ ಸಲ.

ಏರಿಯ ಮೇಲಿನ ಬಂಡೆಯಲ್ಲಿ ಕೂತು ನೋಡುತ್ತಿದ್ದ ದೊಡ್ಡಪ್ಪ ಆಗ ಕೋಲೂರಿಕೊಂಡು ಕೆಳಗಿಳಿದ. ಅವನು ಬಂದು ಏನು ಹೇಳಿದನೆಂದು ತಿಳಿಸುವ ಮುಂಚೆ ಅವನ ವಿಷಯ ನಾಲ್ಕು ಮಾತು ಹೇಳಬೇಕು.

ನಮ್ಮ ಮನೆಯಿಂದ ಯಾರಾದರೂ ಹೊರಡುವುದೆಂದರೆ ಅದೊಂದು ವ್ರತ. ದೊಡ್ಡಪ್ಪ ಶಕುನದ ವಿಷಯದಲ್ಲಿ ಹೈಕೋರ್ಟು. ಹೊರಟ ಕಾಲಿಗೆ ಯಾರಾದರೂ ಒಂಟಿ ಸೀನು ಸೀನಿದರೆ ಮುಗಿಯಿತು: ಹಿಂದಕ್ಕೆ ಬರಬೇಕು, ಹೊಸಲು ಮೆಟ್ಟಿ ಒಳಗೆ ಕೂರಬೇಕು, ಒಂದು ಗುಟುಕು ನೀರು ಕುಡಿದು ಮತ್ತೆ ಹೊರಡಬೇಕು. ಅಷ್ಟರಲ್ಲಿ ಇನ್ನೊಂದು ಸೀನು ಬಿದ್ದರೆ ಜೋಡಿಯಾಯಿತು, ಶುಭ, ಧಾರಾಳವಾಗಿ ಹೋಗಬಹುದು. ದೊಡ್ಡಬಳ್ಳಾಪುರದ ಸಂತೆಗೆಂದು ಬೆಳಗ್ಗೆ ಎತ್ತು ಕಟ್ಟಿದ ಗಾಡಿ ಮಧ್ಯಾಹ್ನದವರೆಗೆ ಅಂಗಳದಲ್ಲೇ ನಿಂತದ್ದುಂಟು. ಆ ಹೊತ್ತಿಗೆ ಎತ್ತುಗಳು ತಾವೇ ಕೊರಳು ಕೊಡವಿಕೊಂಡು ಮಲಗಿಬಿಡುತ್ತಿದ್ದವು. ನಾವು ಮಕ್ಕಳು ಇದರಲ್ಲಿ ಲಾಭ ಕಂಡುಕೊಂಡಿದ್ದೆವು. ಶಾಲೆಗೆ ಹೊರಡುವಾಗ ನನ್ನ ತಂಗಿ ಮೂಗಿಗೆ ಹುಲ್ಲುಕಡ್ಡಿ ತೂರಿಸಿ ಸೀನುವಳು. ನಾನು ಭಯಭಕ್ತಿಯಿಂದ ಹಿಂದಕ್ಕೆ ಬಂದು ಕೂರುವೆನು. ಅಜ್ಜಿ ಇದಕ್ಕೂ ಮದ್ದು ಕಂಡುಹಿಡಿದಳು. ಒಲೆಯ ಮುಂದೆ ಕೂತಿದ್ದಂತೆಯೇ ಮೆಣಸಿನಕಾಯಿ ಘಾಟು ಎಳೆದುಕೊಂಡು ಎರಡನೆಯ ಸೀನನ್ನು ಸೀನಿ, "ಜೋಡಿ ಆಯ್ತು, ನಡೀಲಾ ಇಸ್ಕೂಲಿಗೆ" ಎನ್ನುವಳು. ನಾನು ಕಲಿತ ಅಲ್ಪಸ್ವಲ್ಪ ಅಕ್ಷರಕ್ಕೆ ಆ ಮೆಣಸಿನಕಾಯಿಯೇ ಕಾರಣ.

ಇಂಥ ಮನೆಗೆ ತಕ್ಕ ಬೀಗರನ್ನೇ ದೊಡ್ಡಪ್ಪ ಹುಡುಕಿದ್ದ. ಹೊಸಕೋಟೆ ಕಡೆಯ ಒಬ್ಬ ಪಟೇಲರು. ಅವರ ಮಗಳು ನಂಜಮ್ಮ. ಜಾತಕ ಕೂಡಿತ್ತು. ಪಟೇಲರು ಒಮ್ಮೆ ಬಂದು ಹುಡುಗನನ್ನು ನೋಡಿ ಹೂಂ ಅನ್ನುವುದಷ್ಟೇ ಬಾಕಿ. ಮೊದಲ ಸಲ ಹೊರಟಾಗ ಅವರ ಊರಬಾಗಿಲಲ್ಲಿ ಬೆಕ್ಕು ಅಡ್ಡ ಬಂದು ಗಾಡಿ ಹಿಂದಕ್ಕೆ ಹೋಯಿತು. ಎರಡನೆಯ ಸಲ ಗಾಡಿಯವನೇ ಸೀನಿದ. ಒಂಟಿ. ಈ ನಡುವೆ ನೆಲಮಂಗಲದ ಕಡೆಯಿಂದ ಒಬ್ಬ ವರ ಬಂದಿದ್ದಾನೆಂದೂ, ಅವನು ಇಂಟರ್‌ಮೀಡಿಯೆಟನ್ನು ಪಾಸು ಕೂಡ ಮಾಡಿದ್ದಾನೆಂದೂ ಸುದ್ದಿ ಬಂತು. ಮೂರನೆಯ ಸಲವೂ ಅಪಶಕುನವಾದರೆ ಈ ಸಂಬಂಧ ದೇವರಿಗೇ ಬೇಡವೆಂದು ಪಟೇಲರು ಹೇಳಿಕಳಿಸಿದ್ದರು.

ದೇವರ ಅಭಿಪ್ರಾಯ ನನಗೆ ಗೊತ್ತಿರಲಿಲ್ಲ, ನನ್ನದು ಗೊತ್ತಿತ್ತು. ಹೊಸಕೋಟೆಯ ಒಂದು ಮದುವೆಯಲ್ಲಿ ನಂಜಮ್ಮ ಪಾಯಸ ಬಡಿಸಿಕೊಂಡು ಬಂದಿದ್ದಳು. ಸಾಕೆನ್ನುವುದನ್ನು ಮರೆತು ನಾನು ಅವಳ ಮುಖ ನೋಡುತ್ತ ಕೂತೆ. ಪಾಯಸ ಎಲೆ ದಾಟಿ ಪಕ್ಕದವರ ಪಂಚೆಯತ್ತ ಹರಿಯಿತು. "ಸಾಕಾದ್ರೆ ಕೈ ಅಡ್ಡ ಇಡ್ಬೇಕು. ಹಿಂಗೆ ಬಾಯ್ ಬಿಟ್ಕೊಂಡ್ ಕೂತ್ರೆ ನಾನ್ ಹುಯ್ತಾನೇ ಇರ್ತೀನಿ" ಅಂದಳು. ಆ ಮಾತು ಕಿವಿಯಲ್ಲಿ ಕೂತು ಎದ್ದೇ ಇರಲಿಲ್ಲ. ಊರಲ್ಲಿ ಯಾರ ಮೂಗು ಕೆರೆದರೂ ನನ್ನ ಎದೆ ಹಾರುತ್ತಿದ್ದ ದಿನಗಳು ಅವು.

ಈಗ ಕೆರೆಯಂಗಳಕ್ಕೆ ಬರೋಣ. ದೊಡ್ಡಪ್ಪ ಕೆಂಪಯ್ಯನನ್ನು ಪಕ್ಕಕ್ಕೆ ಸರಿಸಿ, ಮುನಿವೆಂಕಟನ ಎದೆಗೆ ಕೋಲಿನ ತುದಿ ಇಟ್ಟು ಕೇಳಿದ: "ನೀನು ಊರಿಗ್ ಹೊರಟಿದ್ದೀಯ. ಯಾವನೋ ಸೀನಿದ. ಸೀನಿದೋನು ಅವ್ನು. ನೀನ್ಯಾಕ್ಲಾ ವಾಪಸ್ ಬರ್ತೀಯ?"

"ಒಂಟಿ ಸೀನಾದ್ರೆ ಬರ್ಲೇಬೇಕಲ್ಲ ಗೌಡ್ರೇ."

"ಇದೂ ಅಂಗೇಯ. ಚೆಂಡು ಮ್ಯಾಕ್ ಹೋದ್ರೆ ಅದು ಒಂಟಿ ಸೀನು. ತಿರುಗಿ ಬಂದು ಹೊಸಲು ಮೆಟ್ಟು. ಅವ್ನ ಕೈಗೆ ಬಿತ್ತಾ, ದೋಷ ಕಳೀತು, ಹೊರಡು. ಇದ್ರಾಗೆ ತಿಳೀದೇ ಇರೋದು ಏನೈತೆ?"

ಮುನಿವೆಂಕಟ ಕೆಳಗೆ ಹಾಕಿದ್ದ ತನ್ನ ಕೋಲನ್ನು ಎತ್ತಿಕೊಂಡ. "ಅಂಗ್ ಹೇಳ್ಬಾರ್ದಾ ಮೊದ್ಲೇ?" ಎಂದು ನನ್ನನ್ನು ಬೈದ. ಒಂಬತ್ತು ಜನಕ್ಕೂ ಒಂದೇ ಏಟಿಗೆ ಅರ್ಥವಾಗಿಹೋಯಿತು. ಕೆಂಪಯ್ಯ ಬೆರಗಾಗಿ, ಮುದುಕ ಏನು ಹೇಳಿದ ಎಂದು ಕೇಳಿದ. ನಾನು ಇಂಗ್ಲಿಷಿನಲ್ಲಿ ಶುರುಮಾಡಿದೆ. ಮೂಗು, ಹೊಸಲು, ನೀರು ಎಂಬಲ್ಲಿಗೆ ಬರುವಾಗ ಅವನ ಮುಖದಲ್ಲಿ ನನ್ನ ಆರೋಗ್ಯದ ಚಿಂತೆ ಕಾಣಿಸಿತು. ನಿಲ್ಲಿಸಿದೆ.

ಇನ್ನೊಂದು ಉಪಪ್ರಶ್ನೆ ಉಳಿದಿತ್ತು. ಹಿಡಿಯುವವನು ಚೆಂಡನ್ನು ಮುಟ್ಟಿದೊಡನೆ ಹೊರಡಬಹುದೇ, ಗಟ್ಟಿಯಾಗಿ ಹಿಡಿದ ಮೇಲೆ ಹೊರಡಬೇಕೇ? ಹಿಡಿದ ಮೇಲೆ ಎಂಬುದು ನಮ್ಮಪ್ಪನ ಅಭಿಪ್ರಾಯ. ಅಪ್ಪ ಯಾವುದನ್ನೂ ಪೂರ್ತಿ ಆಗುವವರೆಗೆ ನಂಬದ ಮನುಷ್ಯ. ಮುಟ್ಟಿದೊಡನೆ ಎಂದ ಕೆಂಪಯ್ಯ. ಯಾಕೆಂಬುದನ್ನು ನಮಗೆ ತೋರಿಸಿಕೊಟ್ಟವನು ಮತ್ತೆ ಮುನಿವೆಂಕಟನೇ. ಒಂದು ದಿನ ದೂರದಲ್ಲಿ ನಿಂತಿದ್ದ ಅವನ ಕೈಗೆ ಚೆಂಡು ಬಂತು. ಅವನಿಗೊಂದು ಉಪಾಯ ಹೊಳೆಯಿತು. ಚೆಂಡನ್ನು ಹಿಡಿಯದೆ, ಬಿಸಿ ಮುದ್ದೆಯನ್ನು ಕೈಯಿಂದ ಕೈಗೆ ಹಾರಿಸುವ ಹಾಗೆ ಹಾರಿಸುತ್ತ, ನೆಲಕ್ಕೂ ಬೀಳಿಸದೆ, ಆರಾಮವಾಗಿ ನಡೆದುಕೊಂಡೇ ಮೈದಾನದ ನಡುವಿಗೆ ಬಂದ. "ನಾನಿನ್ನೂ ಹಿಡಿದಿಲ್ಲ ಕಣ್ರಪ್ಪೋ! ಯಾರೂ ಅಲ್ಲಾಡ್ಬ್ಯಾಡ್ರಿ!" ಎಂದು ಕೂಗುತ್ತಿದ್ದ. ಅಷ್ಟರಲ್ಲಿ ಚೀಲದ ಮೇಲಿದ್ದ ಸೋಲ್ಜರು ಓಡಿ ಹೋಗಿ ಮಣೆ ಮುಟ್ಟಿ, ನೀರು ಕುಡಿದು ಬಂದಿದ್ದ. ಇಂಥ ಜಾಣರು ತನ್ನ ದೇಶದಲ್ಲೂ ಇದ್ದದ್ದರಿಂದಲೇ ಮುಟ್ಟಿದ ಗಳಿಗೆಯನ್ನು ಲೆಕ್ಕಕ್ಕೆ ಹಿಡಿದಿದ್ದಾರೆ ಎಂದು ಕೆಂಪಯ್ಯ ತಿಳಿಸಿದ. ಅಮೆರಿಕದಲ್ಲೂ ಮುನಿವೆಂಕಟರಿದ್ದಾರೆಂದು ತಿಳಿದು ನಮಗೆ ಆ ದೇಶದ ಮೇಲೆ ಅಭಿಮಾನ ಬಂತು. ಅಪ್ಪ ಮಾತ್ರ ಒಪ್ಪಲಿಲ್ಲ.

ನಿಯಮಗಳೆಲ್ಲ ಬಂದವು, ರನ್ನು ಬರಲಿಲ್ಲ. ಅವರು ಎಷ್ಟು ಹೊಡೆದರೆಂದು ಹೇಳುವುದು ಊರಿನ ಮಾನಕ್ಕೆ ಒಳ್ಳೆಯದಲ್ಲ. ನಾವು ಎಷ್ಟು ಹೊಡೆದೆವೆಂಬುದನ್ನು ಹೇಳಬಹುದು, ನೆನಪಿಡುವುದು ಸುಲಭ: ಸೊನ್ನೆ. ಇಡೀ ಬೇಸಗೆಗೆ ಸೇರಿಸಿ ಸೊನ್ನೆ. ಹೀಗಿರುವಾಗ ಗುಡಾರ ಕಿತ್ತು ಹೊರಡಲು ಅವರಿಗೆ ಹುಕುಂ ಬಂತು. ಹೊರಡುವ ಮುಂಚಿನ ಭಾನುವಾರ ಕೊನೆಯ ಆಟವೆಂದು ನಿಶ್ಚಯವಾಯಿತು.

ಅದೇ ಭಾನುವಾರ, ಯಾವ ಬೆಕ್ಕೂ ಅಡ್ಡ ಬರದೆ, ಗಾಡಿಯವನೂ ಸೀನದೆ, ಪಟೇಲರ ಗಾಡಿ ಸುಸೂತ್ರವಾಗಿ ನಮ್ಮ ಮನೆಯ ಮುಂದೆ ಬಂದು ನಿಂತಿತು. ಮೊದಲೇ ಹೇಳಿಕಳಿಸಿದರೆ ಶಕುನ ಕೆಡುತ್ತದೆಂದು ಈ ಸಲ ಹೇಳಿಕಳಿಸಿರಲಿಲ್ಲ. ಅವ್ವ ಮಜ್ಜಿಗೆ ತಂದಳು. ಪಟೇಲರು ಲೋಟ ಮುಟ್ಟಲಿಲ್ಲ. ಹೆಣ್ಣಿನ ಕಡೆಯವರು ಸಂಬಂಧ ಕುದುರುವ ತನಕ ಗಂಡಿನ ಮನೆಯಲ್ಲಿ ಏನನ್ನೂ ಬಾಯಿಗೆ ಹಾಕುವುದಿಲ್ಲ.

"ಮೊದ್ಲು ಹುಡುಗನ್ನ ನೋಡಾನ" ಎಂದರಂತೆ. "ಎಲ್ಲವ್ನೆ?"

"ಕೆರೆ ತಾವ" ಎಂದ ಅಪ್ಪ.

"ಏನ್ ಮಾಡ್ತಾವ್ನೆ?"

ಅಪ್ಪ ಬಾಯಿ ತೆರೆಯುವ ಮುಂಚೆಯೇ, "ಸರ್ಕಾರದ ಕೆಲ್ಸ" ಎಂದ ದೊಡ್ಡಪ್ಪ.

ನಾನು ಆಗ ಸರ್ಕಾರದ ಕೆಲಸದಲ್ಲಿ ಎಂದೂ ತಲುಪದಷ್ಟು ದೂರ ತಲುಪಿದ್ದೆ. ಮೂರನೆಯ ಚೀಲ. ಇದರಲ್ಲಿ ನನ್ನ ಶೌರ್ಯವೇನೂ ಇಲ್ಲ. ಎಸೆದ ಚೆಂಡು ನನ್ನ ಬೆನ್ನಿಗೆ ಬಡಿದದ್ದರಿಂದ ಪುಕ್ಕಟೆಯಾಗಿ ಒಂದನೆಯ ಚೀಲ ಸಿಕ್ಕಿತು. ಅವರಲ್ಲೊಬ್ಬ ಚೆಂಡನ್ನು ತಪ್ಪಿ ಹುಣಸೆ ತೋಪಿಗೆ ಎಸೆದದ್ದರಿಂದ ಎರಡು ಮತ್ತು ಮೂರು. ಬೆನ್ನು ಉಜ್ಜಿಕೊಳ್ಳುತ್ತ ತಲೆಯೆತ್ತಿ ನೋಡಿದರೆ, ಮೂರನೆಯ ಚೀಲದ ಹಿಂದೆಯೇ ಇದ್ದ ಏರಿಯ ಮೇಲೆ ಅಪ್ಪ, ದೊಡ್ಡಪ್ಪ, ಅವರ ನಡುವೆ ದೊಡ್ಡ ಬಿಳಿಯ ರುಮಾಲು. ಹೊಸಕೋಟೆಯ ಮದುವೆಯಲ್ಲಿ ಕಂಡಿದ್ದ ರುಮಾಲು. ಅದರ ಕೆಳಗೆ ನಸ್ಯದ ಡಬ್ಬಿ ಹಿಡಿದ ಕೈ.

ನನ್ನ ಪಂಚೆ ಮಂಡಿಯ ಮೇಲಿತ್ತು. ಮೈಯೆಲ್ಲ ಕೆರೆಯ ಧೂಳು. ಇಂಟರ್‌ಮೀಡಿಯೆಟ್ ಪಾಸಾದ ಆ ನೆಲಮಂಗಲದವನು ಈ ಹೊತ್ತಿನಲ್ಲಿ ಎಲ್ಲೋ ಒಗೆದ ಅಂಗಿ ಹಾಕಿಕೊಂಡು ಕುರ್ಚಿಯ ಮೇಲೆ ಕೂತಿರುತ್ತಾನೆ ಅನ್ನಿಸಿತು. ಓಡಿಹೋಗಿ ಕಾಲಿಗೆ ನಮಸ್ಕಾರ ಮಾಡೋಣವೆಂದರೆ ಚೀಲ ಬಿಡುವಂತಿಲ್ಲ. ಇದ್ದಲ್ಲಿಂದಲೇ ಕೈ ಮುಗಿದೆ. ಪಟೇಲರು ಮುಗಿಯಲಿಲ್ಲ.

ಹೊಡೆಯುವ ಸರದಿ ಮುನಿವೆಂಕಟನದು. "ಕಿಟ್ಟಾ, ನಿನ್ ಮಾವ ಬಂದವ್ರೆ! ನೋಡ್ಕೊಳ್ಳಾ!" ಎಂದು ಇಡೀ ಕೆರೆಗೆ ಕೇಳಿಸುವಂತೆ ಕೂಗಿ, ಬಂದ ಚೆಂಡನ್ನು ಚಿನ್ನಿಗೆ ಹೊಡೆಯುವ ಹಾಗೆ ಕೆಳಗಿನಿಂದ ಎತ್ತಿ ಬಾರಿಸಿದ. ಚೆಂಡು ತಂತಿಕಂಬಕ್ಕಿಂತ ಮೇಲೆ ಹೋಯಿತು. ಕಾಗೆ ಹಾರಿಹೋಯಿತು.

ಆ ಕ್ಷಣದಲ್ಲಿ ನಾನು ಎಲ್ಲ ನಿಯಮಗಳನ್ನೂ ಮರೆತೆ. ಮಾವ ನೋಡುತ್ತಿದ್ದಾರೆ, ಮಣೆ ಎದುರಿಗಿದೆ, ಇಷ್ಟೇ ತಲೆಯಲ್ಲಿದ್ದದ್ದು. ಚೀಲ ಬಿಟ್ಟು ದೌಡಾಯಿಸಿದೆ. ಅರ್ಧ ದಾರಿಗೆ ಬಂದಿದ್ದೆನೋ ಇಲ್ಲವೋ, ಬೆನ್ನ ಹಿಂದೆ, ಏರಿಯ ಮೇಲಿನ ನಸ್ಯದ ಡಬ್ಬಿಯ ದಿಕ್ಕಿನಿಂದ, ಒಂದು ಸೀನು ಬಿತ್ತು. ಗಂಭೀರವಾದ, ಮೂರು ತಲೆಮಾರಿನ ಪಟೇಲಿಕೆಯ ತೂಕವಿದ್ದ, ಒಂಟಿ ಸೀನು.

ಆಮೇಲೆ ಮಾಡಿದ್ದನ್ನು ನಾನು ಮಾಡಿದೆನೆಂದು ಹೇಳಲಾರೆ. ಕಾಲುಗಳು ಮಾಡಿದವು. ಹೊಸಲು ದಾಟಿದಂದಿನಿಂದ ಅವಕ್ಕೆ ಕಲಿಸಿದ್ದು ಅದೊಂದೇ. ಎರಡೂ ತಮ್ಮ ಪಾಡಿಗೆ ಗಕ್ಕನೆ ನಿಂತು, ತಿರುಗಿ, ನನ್ನನ್ನು ಹೊತ್ತುಕೊಂಡು ಹಿಂದಕ್ಕೆ ಓಡಿ ಗೋಣಿಚೀಲವನ್ನು ಮೆಟ್ಟಿದವು. ಅವ್ವನಿಲ್ಲ, ನೀರಿಲ್ಲ, ಬರಿ ಬಾಯಿ ಒಣಗಿ ನಿಂತೆ.

ಚೆಂಡು ಈಗ ಇಳಿಯುತ್ತಿತ್ತು. ದೂರದಲ್ಲಿ ಕೆಂಚುಗೂದಲಿನ ಒಬ್ಬ ಸೋಲ್ಜರು ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು, ದಪ್ಪ ತೊಗಲಿನ ಗವಸು ತೊಟ್ಟ ಕೈಯನ್ನು ಮೇಲೆತ್ತಿ ಕಾಯುತ್ತಿದ್ದ. ಚೆಂಡು ಗವಸಿಗೆ ಬಡಿದು ಮೇಲಕ್ಕೆ ಪುಟಿಯಿತು. ಅದೇ ಗಳಿಗೆಗೆ ಏರಿಯ ಮೇಲೆ ಎರಡನೆಯ ಸೀನು.

"ಲೋ ಕಿಟ್ಟ, ಇರ್ಲಾ! ಅವ್ನಿನ್ನೂ ಹಿಡಿದಿಲ್ಲ!" ಎಂದು ಕೂಗಿದ ಅಪ್ಪ.

"ಹೋಗ್ಲಾ! ಜೋಡಿ ಆಯ್ತು!" ಎಂದು ಕೂಗಿದ ದೊಡ್ಡಪ್ಪ.

ಇಬ್ಬರಲ್ಲಿ ಹಿರಿಯನ ಮಾತು ಮೀರುವಂತಿರಲಿಲ್ಲ. ಹೊರಟೆ. ಕೆಂಚುಗೂದಲಿನವನು ಚೆಂಡನ್ನು ಎದೆಗೆ, ಮೊಣಕೈಗೆ, ಮತ್ತೆ ಗವಸಿಗೆ ಬಡಿಸಿಕೊಂಡು ಕೊನೆಗೆ ಹಿಡಿದು ಎಸೆದನಂತೆ. ನಾನು ಅದನ್ನು ನೋಡಲಿಲ್ಲ. ಮಣೆ ಕಂಡಿತು, ಪಂಚೆ ಕಾಲಿಗೆ ಸಿಕ್ಕಿತು, ಭೂಮಿ ಎದ್ದು ಬಂದು ಮುಖಕ್ಕೆ ತಗುಲಿತು. ಅಜ್ಜಿಯ ಮಣೆಯ ಮೇಲೆ ಬೋರಲಾಗಿ ಬಿದ್ದಿದ್ದ ನನ್ನ ತಲೆಯ ಮೇಲೆ ಚೆಂಡು ಬುಸ್ಸೆಂದು ಹೋಯಿತು.

ಗಲಾಟೆ ಎದ್ದಿತು. ಕೆಂಚುಗೂದಲಿನವನು ಓಡಿಬಂದು, ತಾನು ಹಿಡಿಯುವ ಮುಂಚೆಯೇ ಇವನು ಚೀಲ ಬಿಟ್ಟನೆಂದು ವಾದಿಸಿದ. ಏರಿಯ ಮೇಲಿನಿಂದ ಅಪ್ಪ ಅವನ ಪಕ್ಷ ವಹಿಸಿ, "ಅದನ್ನೇ ನಾನೂ ಹೇಳ್ದೆ!" ಎಂದ. ಕೆಂಪಯ್ಯ ಇಬ್ಬರ ಮಾತನ್ನೂ ಕೇಳಿ, ಎರಡು ಕೈಗಳನ್ನೂ ನೆಲಕ್ಕೆ ಸಮವಾಗಿ ಚಾಚಿ ತೀರ್ಪು ಕೊಟ್ಟ. ಹಿಂದಕ್ಕೆ ಬಂದು ಚೀಲ ಮೆಟ್ಟಿದ, ಚೆಂಡು ಕೈಗೆ ತಾಗಿದ ಗಳಿಗೆಗೆ ಹೊರಟ, ಎಲ್ಲ ಸರಿಯಾಗಿದೆ, ರನ್ನು. ಆಮೇಲೆ ನನ್ನನ್ನು ಎಬ್ಬಿಸಿ, ಮೈ ಕೊಡವಿ, ತನ್ನ ದೇಶದಲ್ಲಿ ಹುಟ್ಟಿದಂದಿನಿಂದ ಆಡಿದವರೂ ಆ ಗಾಬರಿಯಲ್ಲಿ ಹಿಂದಕ್ಕೆ ಬರುವುದನ್ನು ಮರೆಯುತ್ತಾರೆ, ನಿನಗೆ ಹೇಗೆ ನೆನಪಾಯಿತು ಎಂದು ಕೇಳಿದ. ನಮ್ಮ ಮನೆತನದ ಪದ್ಧತಿ ಎಂದೆ. ಅವನು ಟೋಪಿ ತೆಗೆದ.

ಊರು ಕುಣಿಯಿತು. ಒಂದು ಬೇಸಗೆಗೆ ಒಂದು ರನ್ನು ಕಡಮೆಯೇನಲ್ಲ. ಮುನಿವೆಂಕಟನೊಬ್ಬ ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದ. "ಹೊಡೆದೋನು ನಾನು. ನಾನು ಔಟಂತೆ, ಈ ನನ್ಮಗ ಗೆದ್ದನಂತೆ. ಯಾವ್ ಸೀಮೆ ನ್ಯಾಯ್ವೋ ಇದು!" ಎನ್ನುತ್ತಿದ್ದ.

ಪಟೇಲರು ಏರಿಯಿಂದ ಇಳಿದು ನಿಧಾನವಾಗಿ ನಡೆದುಬಂದರು. ಜನ ದಾರಿ ಬಿಟ್ಟರು. ನನ್ನ ಮೂಗಿನಿಂದ ರಕ್ತ ಸುರಿಯುತ್ತಿತ್ತು. ಪಂಚೆಯ ತುದಿಯಿಂದ ಒತ್ತಿ ಹಿಡಿದುಕೊಂಡೇ ಕಾಲಿಗೆ ಬಿದ್ದೆ.

"ನಾನ್ ಸೀನಿದ್ದು ಕೇಳಿಸ್ತಾ?" ಎಂದರು.

"ಕೇಳಿಸ್ತು."

"ಮೊದಲ್ನೇದಕ್ಕೆ ಏನ್ ಮಾಡ್ದೆ?"

"ವಾಪಸ್ ಬಂದೆ."

"ಅಷ್ಟ್ ಜನ ಓಡು ಓಡು ಅಂತಿದ್ರಲ್ಲ?"

"ಅಂತಿದ್ರು. ಒಂಟಿ ಸೀನಾಗಿತ್ತಲ್ಲ."

"ಎರಡ್ನೇದಕ್ಕೆ?"

"ಹೊರಟೆ."

ಪಟೇಲರು ರುಮಾಲು ಸರಿಮಾಡಿಕೊಂಡರು. ಡಬ್ಬಿಯನ್ನು ಸೊಂಟಕ್ಕೆ ಸಿಕ್ಕಿಸಿದರು. ಕೆಂಪಯ್ಯನೂ ಇದು ಯಾವುದೋ ದೊಡ್ಡ ತೀರ್ಪೆಂದು ಅರಿತು ಟೋಪಿಯನ್ನು ಕೈಯಲ್ಲೇ ಹಿಡಿದಿದ್ದ. ಪಟೇಲರು ನನ್ನ ಕಡೆ ಮತ್ತೆ ನೋಡಲಿಲ್ಲ. ಅಪ್ಪನ ಕಡೆ ತಿರುಗಿ, "ಬಾಯಾರ್ತಾ ಐತೆ ಗೌಡ್ರೇ" ಎಂದರು. "ಆಗ್ಲೇ ಏನೋ ಮಜ್ಜಿಗೆ ಅಂತಿದ್ರಲ್ಲ?"

ಅಪ್ಪನಿಗೆ ಅರ್ಥವಾಗಲಿಲ್ಲ, ಕೆರೆಯಲ್ಲಿ ಮಜ್ಜಿಗೆ ಎಲ್ಲಿಂದ ತರುವುದೆಂದು ಸುತ್ತ ನೋಡಿದ. ದೊಡ್ಡಪ್ಪನಿಗೆ ಅರ್ಥವಾಯಿತು. ಕೋಲನ್ನು ಮರೆತು ಮನೆಯ ಕಡೆ ಓಡಿದ. ಅವನು ಶಕುನ ನೋಡದೆ ಹೊರಟದ್ದನ್ನು ನಾನು ಕಂಡದ್ದು ಅಂದೇ.

ಮುಂಗಾರು ಬೀಳುವ ಮುಂಚೆ ಮದುವೆಯಾಯಿತು. ಸೋಲ್ಜರುಗಳು ಆಗಲೇ ಹೋಗಿಯಾಗಿತ್ತು. ಮದುವೆಯ ಗದ್ದಲದಲ್ಲಿ ನನಗೂ ನಂಜಮ್ಮನಿಗೂ ಮಾತಾಡಲು ಬಿಡುವೇ ಸಿಗಲಿಲ್ಲ. ಹೊಸಕೋಟೆ ಕಡೆಯಿಂದ ನಮ್ಮೂರಿಗೆ ಗಾಡಿಯಲ್ಲಿ ಬರುವಾಗ, ಅವಳ ಜೊತೆಗೆ ಕಳಿಸಿದ್ದ ಸೋದರತ್ತೆ ಬಿಸಿಲಿಗೆ ತೂಕಡಿಸತೊಡಗಿದ ಮೇಲೆ, ಅವಳು ಮೊದಲ ಮಾತು ಆಡಿದಳು.

"ಅಪ್ಪ ಅವತ್ತು ನಿಮ್ಮೂರಿಂದ ಬಂದೋರು ಏನ್ ಹೇಳಿದ್ರು ಗೊತ್ತಾ? ಹುಡುಗ ಓದಿನಲ್ಲಿ ಅಷ್ಟಕ್ಕಷ್ಟೆ, ಆದ್ರೆ ಎಷ್ಟ್ ಜೋರಾಗಿ ಓಡ್ತಿದ್ರೂ ವಾಪಸ್ ಬರ್ತಾನೆ ಅಂದ್ರು. ಅವ್ವ ಅಷ್ಟಕ್ಕೇ ಒಪ್ಕೊಂಡ್ಳು."

"ನೀನು?"

"ನಾನ್ ಒಂದೇ ಮಾತು ಕೇಳ್ದೆ. ವಾಪಸ್ ಬಂದ್ರು, ಸರಿ. ಆಮೇಲೆ ಹೋಗಿ ಮುಟ್ಟಿದ್ರೋ ಇಲ್ವೋ ಅಂತ. ಅಪ್ಪ ತಲೆ ಕೆರ್ಕೊಂಡ್ರು."

"ಯಾಕೆ? ಅಲ್ಲೇ ಇದ್ರಲ್ಲ?"

"ಎರಡ್ನೇ ಸೀನಿಗೆ ಕಣ್ಣು ಮುಚ್ಕೊಂಡಿದ್ರಂತೆ. ತೆಗೆಯೋ ಹೊತ್ಗೆ ನೀವು ಬಿದ್ದಿದ್ರಂತೆ." ಸೆರಗನ್ನು ಸರಿಮಾಡಿಕೊಂಡು ನನ್ನನ್ನು ನೇರವಾಗಿ ನೋಡಿದಳು. "ಅದಕ್ಕೇ ಕೇಳ್ತಾ ಇದೀನಿ. ಮುಟ್ಟಿದ್ರಾ?"

"ಮುಟ್ಟಿದೆ."

"ಯಾವ ಕೈಲಿ?"

ಸುಳ್ಳು ಹೇಳಬಹುದಾಗಿತ್ತು. ಹೇಳಲಿಲ್ಲ.

"ಮೂತೀಲಿ" ಅಂದೆ.

ನಂಜಮ್ಮ ನಕ್ಕ ರಭಸಕ್ಕೆ ಸೋದರತ್ತೆ ಎಚ್ಚೆತ್ತು, ಏನಾಯ್ತೇ ಏನಾಯ್ತೇ ಎಂದು ಗಾಬರಿಯಾದಳು. ಗಾಡಿಯವನು ಎತ್ತುಗಳನ್ನು ನಿಲ್ಲಿಸಿ ಹಿಂದಕ್ಕೆ ನೋಡಿದ. ಅವಳು ಯಾರಿಗೂ ಹೇಳಲಿಲ್ಲ. ಸೆರಗನ್ನು ಬಾಯಿಗೆ ಒತ್ತಿಕೊಂಡು, ಬೂದಿಗೆರೆ ದಾಟುವವರೆಗೂ ನಗುತ್ತಲೇ ಇದ್ದಳು.